ಪಿಕಪ್ ಗಾಡಿಯ ಕ್ಲಚ್ ಮನೆಯಲ್ಲೇ ಬದಲಾಯಿಸುವುದು: ಬಿಚ್ಚುವಲ್ಲಿಂದ ಮೊದಲ 500 ಕಿ.ಮೀ. ತನಕ

ಹೊಸ ಕ್ಲಚ್ ಪ್ಲೇಟ್ ಹಾಕಿ, ಎಲ್ಲ ಬೋಲ್ಟ್ ಬಿಗಿದು, ಗಾಡಿ ಸ್ಟಾರ್ಟ್ ಮಾಡಿದರೆ ಗೇರೇ ಬೀಳುವುದಿಲ್ಲ. ಬಿದ್ದರೂ ರಿವರ್ಸಿಗೆ ಹಾಕುವಾಗ ಕರ್‌ರ್ ಅನ್ನುತ್ತದೆ. ಮನೆಯಲ್ಲಿ ಮೊದಲ ಸಲ ಕ್ಲಚ್ ಹಾಕಿದವರ ದೂರು ಬಹುಪಾಲು ಇದೇ. ಬೈಗುಳ ಮಾತ್ರ ಸ್ಪೇರ್ ಪಾರ್ಟ್ಸ್ ಅಂಗಡಿಯವನಿಗೆ. ಹೆಚ್ಚಿನ ಸಲ ತಪ್ಪು ಪ್ಲೇಟಿನದಲ್ಲ, ಗೇರ್‌ಬಾಕ್ಸನ್ನು ಮತ್ತೆ ಎಂಜಿನ್ನಿಗೆ ಸೇರಿಸಿದ ರೀತಿಯದು. ಬಿಚ್ಚುವಾಗ ಬಲ ಬೇಕಾಗುತ್ತದೆ, ಸ್ಪಾನರಿಗೆ ಪೈಪ್ ಹಾಕಿ ಎಳೆಯಬೇಕಾಗುತ್ತದೆ, ಸರಿ. ಸೇರಿಸುವಾಗ ಬಲ ಬೇಕಾಯಿತು ಅಂದರೆ ಅಲ್ಲಿಗೇ ಕೈ ನಿಲ್ಲಿಸಿ. ಈ ಒಂದು ಮಾತು ಕೆಳಗಿನ ಎಲ್ಲ ಹಂತಕ್ಕೂ ಅನ್ವಯಿಸುತ್ತದೆ.

ಇಲ್ಲಿ ಹೇಳುತ್ತಿರುವುದು ಬೊಲೆರೊ ಪಿಕಪ್, ದೋಸ್ತ್, ಟಾಟಾ ಏಸ್ ಜಾತಿಯ ಸಣ್ಣ ಗಾಡಿಗಳ ಬಗ್ಗೆ. ಇವುಗಳಲ್ಲಿ ಓಟ ಹಿಂದಿನ ಚಕ್ರಕ್ಕೆ, ಕ್ಲಚ್ ಹೆಚ್ಚುಕಡಿಮೆ 250 ಮಿ.ಮೀ. ಒಳಗೆ. ಹತ್ತು ಟೈರಿನ ಲಾರಿಯ 430 ಮಿ.ಮೀ. ಕ್ಲಚ್ಚಿಗೆ ಮನೆಯಂಗಳದಲ್ಲಿ ಕೈ ಹಾಕಬೇಡಿ; ಅದರ ಗೇರ್‌ಬಾಕ್ಸ್ ಇಳಿಸಲು ಪಿಟ್ಟೂ ಚೈನ್ ಪುಲ್ಲಿಯೂ ಬೇಕು. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಟ್ರಾನ್ಸ್‌ಫರ್ ಕೇಸಿನ ಭಾರವೂ ಸೇರುತ್ತದೆ, ಮೊದಲ ಪ್ರಯತ್ನಕ್ಕೆ ಅದು ಬೇಡ.

ಹಂತ 1: ಹೋಗಿರುವುದು ಕ್ಲಚ್ಚೇ ಎಂದು ಖಚಿತ ಮಾಡಿಕೊಳ್ಳಿ

ಗೇರ್‌ಬಾಕ್ಸ್ ಇಳಿಸಿದ ಮೇಲೆ ಕೇಬಲ್ಲು ಸಡಿಲವಾಗಿತ್ತಷ್ಟೇ ಎಂದು ಗೊತ್ತಾದರೆ ಎರಡು ದಿನ ದಂಡ. ಆದ್ದರಿಂದ ಮೊದಲು ಪೆಡಲ್ಲಿನ ಫ್ರೀ ಪ್ಲೇ ನೋಡಿ. ಕೇಬಲ್ ಗಾಡಿಯಲ್ಲಿ ಬೆರಳಿನಿಂದ ಒತ್ತಿದರೆ ಸಾಮಾನ್ಯವಾಗಿ 15ರಿಂದ 25 ಮಿ.ಮೀ. ಸಲೀಸಾಗಿ ಇಳಿದು ಆಮೇಲೆ ಬಿಗಿ ಸಿಗಬೇಕು. ಸಡಿಲವೇ ಇಲ್ಲದಿದ್ದರೆ ಪ್ಲೇಟ್ ಸದಾ ಅರ್ಧ ಬಿಟ್ಟ ಸ್ಥಿತಿಯಲ್ಲಿದ್ದು ಜಾರುತ್ತದೆ. ಕೇಬಲ್ಲಿನ ಬದಲು ಫ್ಲೂಯಿಡ್ ಪೈಪಿರುವ ಹೈಡ್ರಾಲಿಕ್ ಗಾಡಿಯಾದರೆ ಡಬ್ಬಿಯಲ್ಲಿ ಫ್ಲೂಯಿಡ್ ಇದೆಯೇ, ಸ್ಲೇವ್ ಸಿಲಿಂಡರಿನ (ಪೈಪಿನ ಕೊನೆಯಲ್ಲಿ ಕ್ಲಚ್ಚಿನ ಫೋರ್ಕನ್ನು ನೂಕುವ ಸಣ್ಣ ಸಿಲಿಂಡರ್) ರಬ್ಬರ್ ಒದ್ದೆಯಾಗಿದೆಯೇ ನೋಡಿ. ಪೆಡಲ್ಲನ್ನು ಎರಡು ಮೂರು ಸಲ ಪಂಪ್ ಮಾಡಿದಾಗ ಗೇರ್ ಸಲೀಸಾಗಿ ಬಿದ್ದರೆ ತೊಂದರೆ ಲೈನಿನಲ್ಲಿದೆ, ಪ್ಲೇಟಿನಲ್ಲಿಲ್ಲ.

ಜಾರುತ್ತಿದೆಯೇ ಎಂದು ತಿಳಿಯಲು ಸಮತಟ್ಟಾದ ಕಡೆ ನಿಲ್ಲಿಸಿ, ಮುಂದೆ ಹಿಂದೆ ಯಾರೂ ಇಲ್ಲವೆಂದು ನೋಡಿ, ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು ಕಾಲ್ಬ್ರೇಕನ್ನೂ ಒತ್ತಿ, ನಾಲ್ಕನೇ ಗೇರ್ ಹಾಕಿ ಕ್ಲಚ್ ನಿಧಾನ ಬಿಡಿ. ಎಂಜಿನ್ ತಕ್ಷಣ ನಡುಗಿ ಆಫ್ ಆಗಬೇಕು. ಆಗದೆ ಓಡುತ್ತಲೇ ಇದ್ದರೆ ಪ್ಲೇಟ್ ಸವೆದಿದೆ ಇಲ್ಲವೇ ಎಣ್ಣೆ ಕುಡಿದಿದೆ. ಈ ಪರೀಕ್ಷೆ ಒಂದೇ ಸಲ ಸಾಕು. ಮತ್ತೆ ಮತ್ತೆ ಮಾಡಿದರೆ ಉಳಿದಿದ್ದೂ ಸುಡುತ್ತದೆ.

ಸದ್ದನ್ನೂ ಕೇಳಿ. ಪೆಡಲ್ ಒತ್ತಿದಾಗ ಗುಂಯ್‌ಗುಡುವುದು ಕ್ಲಚ್ ಬಿಡಿಸಲು ಒತ್ತುವ ರಿಲೀಸ್ ಬೇರಿಂಗ್. ನ್ಯೂಟ್ರಲ್ಲಿನಲ್ಲಿ ಪೆಡಲ್ ಬಿಟ್ಟಾಗ ಸದ್ದಿದ್ದು ಒತ್ತಿದರೆ ನಿಂತುಹೋಗುವುದಾದರೆ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಎಂಜಿನ್ನಿನ ಓಟವನ್ನು ಒಳಗೆ ತರುವ ದಂಡ) ಬೇರಿಂಗ್. ಅದಕ್ಕೆ ಕ್ಲಚ್ ಬದಲಾಯಿಸಿ ಪ್ರಯೋಜನವಿಲ್ಲ.

ಹಂತ 2: ಸಾಮಾನು ಎಲ್ಲ ಕೈಗೆ ಬರುವವರೆಗೆ ಒಂದು ಬೋಲ್ಟನ್ನೂ ಬಿಚ್ಚಬೇಡಿ

ಕ್ಲಚ್ ಪ್ಲೇಟ್, ಅದನ್ನು ಎಂಜಿನ್ನಿನ ಹಿಂಬದಿಯ ಭಾರದ ಚಕ್ರಕ್ಕೆ (ಫ್ಲೈವೀಲ್) ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ, ಒಂದೇ ಕಂಪನಿಯ ಸೆಟ್ಟಾಗಿ ತನ್ನಿ. ದುಡ್ಡು ಉಳಿಸಲು ಪ್ಲೇಟ್ ಮಾತ್ರ ಹಾಕುವವರಿದ್ದಾರೆ. ಹಳೆಯ ರಿಲೀಸ್ ಬೇರಿಂಗ್ ಆರು ತಿಂಗಳಿಗೆ ಕೂಗಿದರೆ ಗೇರ್‌ಬಾಕ್ಸ್ ಮತ್ತೆ ಇಳಿಯಬೇಕು, ಅಲ್ಲಿಗೆ ಉಳಿತಾಯ ಮುಗಿಯಿತು. ಇದೇ ಕಾರಣಕ್ಕೆ ಪೈಲಟ್ ಬೇರಿಂಗ್ (ಇನ್‌ಪುಟ್ ಶಾಫ್ಟಿನ ತುದಿ ಕೂರುವ ಸಣ್ಣ ಬೇರಿಂಗ್), ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕಿನ ಹಿಂಬದಿ ಆಯಿಲ್ ಸೀಲ್, ಗೇರ್‌ಬಾಕ್ಸ್ ಮುಂಬದಿ ಸೀಲ್ ಇವನ್ನೂ ತಂದಿಟ್ಟುಕೊಳ್ಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ನಿಮ್ಮ ಊರಿನ ಅಂಗಡಿಯಲ್ಲಾಗಲಿ ಗಾಡಿಯ ಹೆಸರು ಹೇಳಿದರೆ ಸಾಲದು. ತಯಾರಾದ ವರ್ಷ, ಎಂಜಿನ್ ಮಾದರಿ, ಚಾಸಿಸ್ ನಂಬರ್ ಕೊಡಿ. ಒಂದೇ ಹೆಸರಿನ ಗಾಡಿಗೆ ಬೇರೆ ಬೇರೆ ವರ್ಷದಲ್ಲಿ ಬೇರೆ ಅಳತೆಯ ಪ್ಲೇಟ್ ಇರುತ್ತದೆ.

ಗೇರ್ ಆಯಿಲ್ ಮ್ಯಾನ್ಯುಯಲ್ಲಿನಲ್ಲಿ ಬರೆದ ದರ್ಜೆಯದೇ ಇರಲಿ. ಜಿಎಲ್-4 ಎಂದಿದ್ದರೆ ಜಿಎಲ್-5 ಹಾಕಬೇಡಿ. ಹೈಡ್ರಾಲಿಕ್ ಗಾಡಿಗೆ ಬ್ರೇಕ್ ಫ್ಲೂಯಿಡ್ ಬೇಕು, ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಇರುತ್ತದೆ.

ಸಲಕರಣೆಯಲ್ಲಿ ರಾಜಿ ಬೇಡವಾದವು ನಾಲ್ಕು: ತಲಾ 3 ಟನ್ನಿನ ನಾಲ್ಕು ಜಾಕ್ ಸ್ಟ್ಯಾಂಡ್, ಒಂದು ಟ್ರಾಲಿ ಜಾಕ್, ಟಾರ್ಕ್ ರೆಂಚ್ (ಬಿಗಿಯ ಅಳತೆ ತೋರಿಸುವುದು), ಕ್ಲಚ್ ಅಲೈನ್‌ಮೆಂಟ್ ಟೂಲ್ (ಪ್ಲೇಟನ್ನು ನಡುವಿಗೆ ಕೂರಿಸುವ ಕಡ್ಡಿ). ಕೊನೆಯದು ಕೆಲವು ಸೆಟ್ಟಿನ ಜೊತೆಗೇ ಪ್ಲಾಸ್ಟಿಕ್ಕಿನದು ಬರುತ್ತದೆ. ಟಾರ್ಕ್ ರೆಂಚ್ ಬಾಡಿಗೆಗೆ ತಂದರೂ ನಡೆಯುತ್ತದೆ. ಉಳಿದಂತೆ 10ರಿಂದ 19ರವರೆಗಿನ ಸಾಕೆಟ್ ಮತ್ತು ರಿಂಗ್ ಸ್ಪಾನರ್, ಹತ್ತು ಇಂಚಿನ ಎಕ್ಸ್‌ಟೆನ್ಷನ್ ಎರಡು, ಒಂದು ಯೂನಿವರ್ಸಲ್ ಜಾಯಿಂಟ್, ಎಂಜಿನ್ನಿಗೆ ಆಸರೆ ಕೊಡಲು ಇನ್ನೊಂದು ಜಾಕ್, ಎಣ್ಣೆ ಹಿಡಿಯಲು ಅಗಲದ ಟ್ರೇ, ಬಿಳಿ ಪೇಂಟ್, ಬ್ರೇಕ್ ಕ್ಲೀನರ್, ಶಾಖ ತಡೆಯುವ ಗ್ರೀಸ್, ಮಾಸ್ಕ್. ಜೊತೆಗೆ ಕೈ ಬಲವಿರುವ ಒಬ್ಬ ಜೊತೆಗಾರ. ಈ ಜಾತಿಯ ಗೇರ್‌ಬಾಕ್ಸ್ 30ರಿಂದ 50 ಕೆ.ಜಿ. ತೂಗುತ್ತದೆ. ಮಲಗಿದ ಮನುಷ್ಯನ ಎದೆಯ ಮೇಲೆ ಅದು ಇಳಿಯಬಾರದು.

ಹಂತ 3: ಜಾಗ ಮತ್ತು ಎತ್ತರ

ಸಿಮೆಂಟ್ ನೆಲ ಬೇಕು. ಮಣ್ಣಿನ ಅಂಗಳವೇ ಗತಿಯಾದರೆ ಪ್ರತಿ ಸ್ಟ್ಯಾಂಡಿನ ಕೆಳಗೂ ಎರಡು ಇಂಚು ದಪ್ಪದ ಮರದ ಹಲಗೆ ಹಾಕಿ. ಕಡಪ ಕಲ್ಲು, ಇಟ್ಟಿಗೆ, ಸಿಮೆಂಟ್ ಬ್ಲಾಕ್ ಬೇಡ: ಇವು ಮುನ್ಸೂಚನೆ ಕೊಡದೆ ಒಡೆಯುತ್ತವೆ. ಮಳೆ ಬಿದ್ದ ಮಾರನೆಯ ದಿನ ಮಣ್ಣಿನ ಮೇಲೆ ಈ ಕೆಲಸ ಬೇಡವೇ ಬೇಡ.

ಬಾಡಿ ಖಾಲಿ ಇರಲಿ. ಗಾಡಿಯ ನಾಲ್ಕೂ ಮೂಲೆ ಸ್ಟ್ಯಾಂಡಿನ ಮೇಲೆ, ಚಾಸಿಸ್ ಅಥವಾ ಆಕ್ಸಲ್ಲಿಗೆ ತಾಗಿ ಕೂರಬೇಕು. ನೆಲದಿಂದ ಚಾಸಿಸ್ಸಿಗೆ ಸುಮಾರು ಎರಡು ಅಡಿ ಸಿಗಬೇಕು, ಯಾಕೆಂದರೆ ಇಳಿಸಿದ ಗೇರ್‌ಬಾಕ್ಸ್ ಜಾಕಿನ ಮೇಲೆ ಕೂತೇ ಹೊರಗೆ ಬರಬೇಕು. ಕೂರಿಸಿದ ಮೇಲೆ ಕೆಳಗೆ ನುಗ್ಗುವ ಮೊದಲು ಗಾಡಿಯನ್ನು ಪಕ್ಕದಿಂದ ಜೋರಾಗಿ ಅಲುಗಾಡಿಸಿ. ಬೀಳುವುದಾದರೆ ಆಗಲೇ ಬೀಳಲಿ.

ಬ್ಯಾಟರಿಯ ನೆಗೆಟಿವ್ ಕಳಚಿ. ಸ್ಟಾರ್ಟರ್ ಮೋಟರಿನ ದಪ್ಪ ವೈರಿಗೆ ಸ್ಪಾನರ್ ತಾಗಿ ಕಿಡಿ ಹಾರುವುದು ಇದನ್ನು ಮರೆತವರಿಗೆ.

ಹಂತ 4: ಗೇರ್‌ಬಾಕ್ಸಿನ ಸುತ್ತಮುತ್ತ ಬಿಚ್ಚುವುದು

ಗೇರ್ ಆಯಿಲ್ ಇಳಿಸುವ ಮೊದಲು ಮೇಲಿನ ಫಿಲ್ಲರ್ ಬೋಲ್ಟ್ ಬಿಚ್ಚಿ ನೋಡಿ. ಕೆಳಗಿನ ಬೋಲ್ಟ್ ತೆಗೆದು ಎಣ್ಣೆಯೆಲ್ಲ ಸುರಿದ ಮೇಲೆ ಮೇಲಿನದು ಹಿಡಿದುಕೊಂಡಿದೆ ಎಂದು ಗೊತ್ತಾದರೆ ಹೊಸ ಎಣ್ಣೆ ತುಂಬಲು ದಾರಿಯೇ ಇರುವುದಿಲ್ಲ.

ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್ಲಿಗೆ ಓಟ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಯ ಫ್ಲ್ಯಾಂಜಿಗೆ (ಬೋಲ್ಟ್ ಹಾಕುವ ಬಿಲ್ಲೆ) ಬಿಳಿ ಪೇಂಟಿನಲ್ಲಿ ಗೆರೆ ಎಳೆದು ಆಮೇಲೆ ಬಿಚ್ಚಿ. ಗೆರೆ ತಪ್ಪಿಸಿ ಕೂರಿಸಿದರೆ 50-60ರ ವೇಗದಲ್ಲಿ ಗಾಡಿ ನಡುಗಬಹುದು, ಆಗ ನೀವು ಸಂಶಯಪಡುವುದು ಹೊಸ ಕ್ಲಚ್ಚಿನ ಮೇಲೆ. ಎರಡು ತುಂಡಿನ ಶಾಫ್ಟಾದರೆ ನಡುವಿನ ಸೆಂಟರ್ ಬೇರಿಂಗ್ ಬ್ರಾಕೆಟ್ಟಿನಲ್ಲಿ ತೆಳು ಪಟ್ಟಿಗಳಿರಬಹುದು, ಅವು ಇದ್ದ ಜಾಗಕ್ಕೇ ವಾಪಸ್ ಹೋಗಬೇಕು. ಶಾಫ್ಟಿನ ಬೋಲ್ಟುಗಳು ಹೈ ಟೆನ್ಸೈಲ್, ಅಂದರೆ ಹೆಚ್ಚು ಎಳೆತ ತಾಳುವಂಥವು. ಕಳೆದುಹೋದರೆ ಹಾರ್ಡ್‌ವೇರ್ ಅಂಗಡಿಯ ಸಾಮಾನ್ಯ ಬೋಲ್ಟ್ ಹಾಕಬೇಡಿ.

ಸ್ಪೀಡೋಮೀಟರ್ ಕೇಬಲ್ ಅಥವಾ ಸೆನ್ಸರ್, ರಿವರ್ಸ್ ಲೈಟ್ ಸ್ವಿಚ್ಚಿನ ವೈರ್, ಅರ್ಥ್ ಪಟ್ಟಿ, ಗೇರ್ ಲಿವರ್ ಅಥವಾ ಅದರ ಕೇಬಲ್, ಸ್ಟಾರ್ಟರ್ ಮೋಟರ್, ಬೆಲ್ ಹೌಸಿಂಗಿಗೆ (ಕ್ಲಚ್ಚನ್ನು ಮುಚ್ಚಿರುವ ಗೇರ್‌ಬಾಕ್ಸಿನ ಮುಂಬದಿಯ ಗೂಡು) ಹಿಡಿದಿರುವ ಸೈಲೆನ್ಸರ್ ಪೈಪಿನ ಕ್ಲ್ಯಾಂಪ್ ಇವೆಲ್ಲ ಕಳಚಬೇಕು. ಬಿಚ್ಚುವ ಮೊದಲು ಪ್ರತಿಯೊಂದರದೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಗೇರ್ ಲಿವರ್ ತೆಗೆದ ತೂತಿಗೆ ಶುಭ್ರವಾದ ಬಟ್ಟೆ ತುರುಕಿ.

ಸ್ಲೇವ್ ಸಿಲಿಂಡರ್ ಹೊರಗಿದ್ದರೆ ಪೈಪ್ ಕಳಚುವ ಅಗತ್ಯವಿಲ್ಲ. ಎರಡು ಬೋಲ್ಟ್ ಬಿಚ್ಚಿ ಇಡೀ ಸಿಲಿಂಡರನ್ನು ತಂತಿಯಲ್ಲಿ ಚಾಸಿಸ್ಸಿಗೆ ನೇತುಹಾಕಿ, ಅಲ್ಲಿಂದ ಮುಂದೆ ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಿ. ಆಟಕ್ಕೆ ಮಗು ಒತ್ತಿದರೂ ಪಿಸ್ಟನ್ ಹೊರಗೆ ಹಾರುತ್ತದೆ.

ಹಂತ 5: ಗೇರ್‌ಬಾಕ್ಸ್ ಇಳಿಸುವುದು

ಗೇರ್‌ಬಾಕ್ಸಿನ ಕೆಳಗಿನ ಕ್ರಾಸ್ ಮೆಂಬರ್ ಹಿಂಬದಿಯ ಭಾರ ಹೊತ್ತಿರುತ್ತದೆ. ಅದನ್ನು ತೆಗೆಯುವ ಮೊದಲು ಎರಡು ಆಸರೆ ಬೇಕು. ಗೇರ್‌ಬಾಕ್ಸಿನ ಅಡಿಗೆ ಟ್ರಾಲಿ ಜಾಕ್ ಕೊಟ್ಟು ಬೆಲ್ಟಿನಿಂದ ಬಿಗಿದು ಕಟ್ಟಿ. ಎಂಜಿನ್ನಿನ ಹಿಂಬದಿಗೆ ಇನ್ನೊಂದು ಜಾಕನ್ನು ಹಲಗೆಯಿಟ್ಟು ಕೊಡಿ. ಹಲಗೆ ಇಲ್ಲದೆ ಎಂಜಿನ್ನಿನ ಅಡಿಯ ಎಣ್ಣೆ ತೊಟ್ಟಿಗೆ (ಸಂಪ್) ನೇರ ಜಾಕ್ ಕೊಟ್ಟರೆ ತಗಡು ಒಳಗೆ ತಗ್ಗುತ್ತದೆ.

ಬೆಲ್ ಹೌಸಿಂಗಿನ ಬೋಲ್ಟುಗಳು ಒಂದೇ ಉದ್ದದವಲ್ಲ. ಒಂದು ರಟ್ಟಿನ ಮೇಲೆ ಹೌಸಿಂಗಿನ ದುಂಡನ್ನು ಗೀಚಿ, ಬಿಚ್ಚಿದ ಬೋಲ್ಟನ್ನು ಅದರದರ ಜಾಗದಲ್ಲೇ ಚುಚ್ಚುತ್ತಾ ಹೋಗಿ. ಉದ್ದ ಬೋಲ್ಟ್ ಗಿಡ್ಡದರ ತೂತಿಗೆ ಹೋದರೆ ಅಲ್ಯೂಮಿನಿಯಂ ಸೀಳುತ್ತದೆ. ಮೇಲಿನ ಎರಡು ಬೋಲ್ಟ್ ಎಲ್ಲರಿಗೂ ಕಾಟ. ಕ್ರಾಸ್ ಮೆಂಬರ್ ತೆಗೆದ ಮೇಲೆ ಎರಡೂ ಜಾಕನ್ನು ಒಟ್ಟಿಗೆ ಮೂರು ನಾಲ್ಕು ಸೆಂ.ಮೀ. ಇಳಿಸಿ, ಹಿಂದಿನಿಂದ ಎರಡು ಎಕ್ಸ್‌ಟೆನ್ಷನ್ ಜೋಡಿಸಿ ತೂರಿಸಿದರೆ ಸಿಗುತ್ತವೆ. ಇಳಿಸುವಾಗ ರೇಡಿಯೇಟರ್ ಫ್ಯಾನು, ಹೋಸುಗಳ ಕಡೆ ಜೊತೆಗಾರ ಕಣ್ಣಿಟ್ಟಿರಲಿ. ಟಾಟಾ ಏಸ್‌ನಲ್ಲಿ ಎಂಜಿನ್ ಸೀಟಿನ ಕೆಳಗಿರುವುದರಿಂದ ಮೇಲಿನಿಂದಲೂ ಒಮ್ಮೆ ದಾರಿ ನೋಡಿ.

ಬೋಲ್ಟ್ ಎಲ್ಲ ಬಂದರೂ ಡವೆಲ್ ಪಿನ್ (ಎಂಜಿನ್ನಿಗೆ ಗೇರ್‌ಬಾಕ್ಸ್ ನೇರವಾಗಿ ಕೂರಿಸುವ ಗೂಟ) ಹಿಡಿದುಕೊಂಡಿರುತ್ತದೆ. ಸಂದಿಗೆ ಉಳಿ ಹೊಡೆಯಬೇಡಿ. ಮರದ ತುಂಡಿಟ್ಟು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಟ್ಟಿದರೆ ಬಿಡುತ್ತದೆ. ಆಮೇಲೆ ನೇರವಾಗಿ ಹಿಂದಕ್ಕೆ, ಇನ್‌ಪುಟ್ ಶಾಫ್ಟ್ ಪೂರ್ತಿ ಹೊರಬರುವವರೆಗೂ ಎತ್ತರ ಬದಲಾಗದಂತೆ ಎಳೆಯಿರಿ. ಶಾಫ್ಟ್ ಅರ್ಧ ಒಳಗಿರುವಾಗ ಗೇರ್‌ಬಾಕ್ಸಿನ ಭಾರ ಪ್ಲೇಟಿನ ಮೇಲೆ ನೇತಾಡಬಾರದು.

ಹಂತ 6: ಹಳೆಯದನ್ನು ಬಿಚ್ಚಿ ಓದುವುದು

ಒಳಗಿನ ಕಪ್ಪು ಧೂಳನ್ನು ಏರ್ ಹೊಡೆದು ಊದಬೇಡಿ, ಹಳೆಯ ಲೈನಿಂಗಿನಲ್ಲಿ (ಪ್ಲೇಟಿನ ಮೇಲೆ ರಿವೆಟ್ ಹೊಡೆದ, ಉಜ್ಜುವ ಪದರ) ಆಸ್ಬೆಸ್ಟಸ್ ಇರಬಹುದು. ಮಾಸ್ಕ್ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಿ.

ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ, ಸಲಕ್ಕೆ ಅರ್ಧ ಸುತ್ತಿನಂತೆ ಸಡಿಲಿಸಿ. ಕೊನೆಯದು ಬರುವಾಗ ಪ್ಲೇಟ್ ಜಾರಿ ಬೀಳುತ್ತದೆ, ಕೈ ಕೊಟ್ಟಿರಿ. ಯಾವ ಮುಖ ಫ್ಲೈವೀಲಿನ ಕಡೆ ಇತ್ತು ಎಂಬುದನ್ನು ಅಲ್ಲೇ ಪೇಂಟಿನಲ್ಲಿ ಗುರುತು ಮಾಡಿ.

ಇನ್ನು ನೋಡುವ ಕೆಲಸ. ಲೈನಿಂಗ್ ರಿವೆಟ್ಟಿನ ತಲೆಗಿಂತ 0.3 ಮಿ.ಮೀ. ಸಹ ಮೇಲಿಲ್ಲದಿದ್ದರೆ ಆಯುಸ್ಸು ತುಂಬಿ ಹೋಗಿದೆ ಅಷ್ಟೆ, ಬೇರೆ ರೋಗವಿಲ್ಲ. ಲೈನಿಂಗ್ ದಪ್ಪಗಿದ್ದೂ ಮಿರಮಿರ ಕಪ್ಪಾಗಿ ಅಂಟಂಟಾಗಿದ್ದರೆ ಎಣ್ಣೆ ಬಂದಿದೆ, ಎಲ್ಲಿಂದ ಎಂದು ಕಂಡುಹಿಡಿಯದೆ ಹೊಸದು ಹಾಕಿದರೆ ಅದೂ ಹಾಗೇ ಆಗುತ್ತದೆ. ಬೆರಳಿಗೆ ಹತ್ತಿಸಿ ನೋಡಿ: ಮಸಿಯಂತೆ ಕಪ್ಪಾಗಿ ತೆಳುವಾಗಿದ್ದರೆ ಎಂಜಿನ್ ಆಯಿಲ್, ಕ್ರ್ಯಾಂಕಿನ ಹಿಂಬದಿ ಸೀಲ್ ಹೋಗಿದೆ. ಮಂದವಾಗಿ, ಗಂಧಕದ ಕಮಟು ವಾಸನೆ ಇದ್ದರೆ ಗೇರ್ ಆಯಿಲ್, ಗೇರ್‌ಬಾಕ್ಸಿನ ಮುಂದಿನ ಸೀಲ್.

ಫ್ಲೈವೀಲಿನ ಮೇಲೆ ಉಗುರು ಆಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರಿದ್ದರೆ, ನೀಲಿ ಕಲೆ ಅಥವಾ ಕೂದಲಿನಂಥ ಬಿರುಕು ಕಂಡರೆ ಬಿಚ್ಚಿ ಲೇತ್ ಅಂಗಡಿಗೆ ಒಯ್ಯಿರಿ. ಕೇವಲ ಹೊಳಪಿದ್ದರೆ ಎಮರಿ ಪೇಪರಿನಲ್ಲಿ ಅಡ್ಡಡ್ಡ ಉಜ್ಜಿದರೆ ಸಾಕು. ಲೇತಿನಲ್ಲಿ ಮುಖ ಸಮ ಮಾಡಿಸಿದ ಮೇಲೂ ಬಿರುಕು ಉಳಿದರೆ ಹೊಸ ಫ್ಲೈವೀಲೇ ಸರಿ. ಪ್ರೆಶರ್ ಪ್ಲೇಟ್ ಕೂರುವ ಅಂಚು ಮೆಟ್ಟಿಲಿನಂತೆ ಇದ್ದರೆ ಎರಡೂ ಮಟ್ಟದಿಂದ ಒಂದೇ ಅಳತೆ ಕತ್ತರಿಸಬೇಕೆಂದು ಲೇತ್‌ನವನಿಗೆ ಬಾಯಿಬಿಟ್ಟು ಹೇಳಿ. ನಡುವೆ ಸ್ಪ್ರಿಂಗಿರುವ ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲನ್ನು ಲೇತಿಗೆ ಹಾಕಬಾರದು. ಬಿಚ್ಚಿದ ಫ್ಲೈವೀಲಿನ ಬೋಲ್ಟುಗಳ ಜಾಗಕ್ಕೆ ಹೊಸವನ್ನೇ ಹಾಕಿ, ಮ್ಯಾನ್ಯುಯಲ್ ಹೇಳಿದ ಬಿಗಿಗೆ.

ಕ್ರ್ಯಾಂಕಿನ ತುದಿಯ ಪೈಲಟ್ ಬೇರಿಂಗ್ ತೆಗೆಯಲು ಪುಲ್ಲರ್ ಇಲ್ಲದಿದ್ದರೆ ಹಳೆಯ ಉಪಾಯವೊಂದಿದೆ. ಹಳೆ ನ್ಯೂಸ್ ಪೇಪರನ್ನು ನೆನೆಸಿ, ಬೇರಿಂಗಿನ ತೂತಿನೊಳಗೆ ಗಟ್ಟಿಯಾಗಿ ತುಂಬಿ. ತೂತಿಗೆ ಸರಿಯಾಗಿ ಕೂರುವ ದಪ್ಪದ ಕಬ್ಬಿಣದ ಸರಳನ್ನಿಟ್ಟು ಸುತ್ತಿಗೆಯಲ್ಲಿ ಹೊಡೆಯಿರಿ. ಸರಳು ಒಳಗೆ ಹೋದಷ್ಟು ಮತ್ತೆ ಪೇಪರ್ ತುಂಬಿ, ಮತ್ತೆ ಹೊಡೆಯಿರಿ. ನಾಲ್ಕೈದು ಸಲಕ್ಕೆ ಒಳಗಿನ ಒತ್ತಡವೇ ಬೇರಿಂಗನ್ನು ಹಿಂದಕ್ಕೆ ನೂಕಿ ಹೊರಗೆ ತರುತ್ತದೆ. ಸರಳು ಸಡಿಲವಾಗಿದ್ದರೆ ಪೇಪರ್ ಪಕ್ಕದಿಂದ ಉಕ್ಕುತ್ತದೆ, ಬೇರಿಂಗ್ ಅಲುಗುವುದಿಲ್ಲ.

ಹಂತ 7: ಹೊಸ ಪ್ಲೇಟ್ ಕೂರಿಸುವುದು

ಪ್ಲೇಟನ್ನು ಫ್ಲೈವೀಲಿಗೆ ಹಿಡಿಯುವ ಮೊದಲು ಇಳಿಸಿಟ್ಟ ಗೇರ್‌ಬಾಕ್ಸಿನ ಶಾಫ್ಟಿಗೆ ತೂರಿಸಿ ನೋಡಿ. ಹಲ್ಲು ಹೊಂದಿ ಸರಾಗವಾಗಿ ಓಡಾಡಬೇಕು. ಈ ಅರ್ಧ ನಿಮಿಷದ ಪರೀಕ್ಷೆ ಬಿಟ್ಟವರು, ತಪ್ಪು ಪ್ಲೇಟ್ ಬಂದಿದೆ ಎಂಬುದನ್ನು ಗಾಡಿಯಡಿಯಲ್ಲಿ ಮಲಗಿ ಕಂಡುಕೊಳ್ಳುತ್ತಾರೆ.

ಶಾಫ್ಟಿನ ಹಲ್ಲಿಗೆ ಗ್ರೀಸ್ ಬೇಕು, ಆದರೆ ಬೆಂಕಿಕಡ್ಡಿ ತಲೆಯಷ್ಟು. ಸವರಿ, ಪ್ಲೇಟನ್ನು ನಾಲ್ಕು ಸಲ ಓಡಾಡಿಸಿ, ತೆಗೆದು, ಅಂಚಿಗೆ ಬಂದ ಗ್ರೀಸನ್ನೆಲ್ಲ ಒರೆಸಿಬಿಡಿ. ಉಳಿದದ್ದು ಬಿಸಿಗೆ ಕರಗಿ ಲೈನಿಂಗಿಗೆ ಹಾರುತ್ತದೆ. ಫ್ಲೈವೀಲನ್ನೂ ಹೊಸ ಪ್ರೆಶರ್ ಪ್ಲೇಟಿನ ಮುಖವನ್ನೂ ಬ್ರೇಕ್ ಕ್ಲೀನರಿನಲ್ಲಿ ತೊಳೆಯಿರಿ. ಹೊಸದಕ್ಕೆ ತುಕ್ಕು ಹಿಡಿಯದಂತೆ ಕಾರ್ಖಾನೆಯಲ್ಲಿ ಎಣ್ಣೆ ಸವರಿರುತ್ತಾರೆ. ಇಲ್ಲಿಂದ ಮುಂದೆ ಲೈನಿಂಗನ್ನು ಮುಟ್ಟುವ ಕೈ ಶುಭ್ರವಾಗಿರಬೇಕು.

ಪ್ಲೇಟಿಗೆ ಎರಡು ಮುಖ. ‘ಫ್ಲೈವೀಲ್ ಸೈಡ್’ ಎಂದು ಒತ್ತಿರುತ್ತಾರೆ, ಇಲ್ಲದಿದ್ದರೆ ಸಾಮಾನ್ಯವಾಗಿ ಸ್ಪ್ರಿಂಗುಗಳು ಉಬ್ಬಿರುವ ಕಡೆ ಗೇರ್‌ಬಾಕ್ಸಿಗೆ. ಸಂಶಯವಿದ್ದರೆ ಫ್ಲೈವೀಲಿಗೆ ಒತ್ತಿ ಹಿಡಿದು ಕೈಯಿಂದ ತಿರುಗಿಸಿ: ನಡುವಿನ ಹಬ್ ಫ್ಲೈವೀಲಿನ ಬೋಲ್ಟಿಗೆ ಉಜ್ಜಿದರೆ ತಿರುಗಮುರುಗ.

ಅಲೈನ್‌ಮೆಂಟ್ ಟೂಲನ್ನು ಪ್ಲೇಟಿನ ನಡುವಿಂದ ಪೈಲಟ್ ಬೇರಿಂಗಿನವರೆಗೆ ತೂರಿಸಿ, ಪ್ರೆಶರ್ ಪ್ಲೇಟ್ ಇಟ್ಟು, ಎಲ್ಲ ಬೋಲ್ಟನ್ನೂ ಬೆರಳಿನಲ್ಲೇ ಹತ್ತಿಸಿ. ಆಮೇಲೆ ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿಯಿರಿ. ಎಂ8 ಬೋಲ್ಟಿಗೆ ಸಾಮಾನ್ಯವಾಗಿ 20ರಿಂದ 25 ನ್ಯೂಟನ್ ಮೀಟರ್, ನಿಮ್ಮ ಗಾಡಿಯ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ಒಂದೇ ಕಡೆ ಪೂರ್ತಿ ಬಿಗಿದರೆ ಕವರ್ ಬಾಗುತ್ತದೆ, ಕ್ಲಚ್ ಬಿಡುವಾಗ ಗಾಡಿ ಗದಗದ ನಡುಗುತ್ತದೆ.

ಬಿಗಿದಾದ ಮೇಲೆ ಟೂಲನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ, ಮತ್ತೆ ಒಳಗೆ ಬಿಡಿ. ಸಲೀಸಾಗಿ ಹೋಗಿ ಬಂದರೆ ನಡು ಸಿಕ್ಕಿದೆ. ಸಿಕ್ಕಿಕೊಂಡರೆ ಬೋಲ್ಟ್ ಸಡಿಲಿಸಿ ಮೊದಲಿನಿಂದ ಮಾಡಿ. ಇನ್‌ಪುಟ್ ಶಾಫ್ಟೂ ಇದೇ ದಾರಿಯಲ್ಲಿ ಬರಬೇಕು, ಅದಕ್ಕೆ 40 ಕೆ.ಜಿ. ಭಾರ ಬೇರೆ.

ಹಂತ 8: ಗೇರ್‌ಬಾಕ್ಸ್ ಸೇರಿಸುವುದು — ಹೆಚ್ಚಿನವರು ಸೋಲುವ ಜಾಗ

ಮೊದಲು ರಿಲೀಸ್ ಬೇರಿಂಗನ್ನು ತಳ್ಳುವ ಫೋರ್ಕ್ ತನ್ನ ಗುಂಡಿಯ ಮೇಲೆ ಕೂತಿದೆಯೇ, ರಿಲೀಸ್ ಬೇರಿಂಗಿನ ಕ್ಲಿಪ್ ಹಿಡಿದಿದೆಯೇ ನೋಡಿ. ಹೊಸ ಬೇರಿಂಗನ್ನು ಡೀಸೆಲ್ಲಿನಲ್ಲಿ ತೊಳೆಯಬೇಡಿ, ಒಳಗಿನ ಗ್ರೀಸ್ ಹೋಗುತ್ತದೆ. ಡವೆಲ್ ಪಿನ್ನುಗಳು ಇದ್ದ ಜಾಗದಲ್ಲಿವೆ ತಾನೆ?

ಎರಡು ಉದ್ದನೆಯ ಬೋಲ್ಟ್ ತಂದು ತಲೆ ಕತ್ತರಿಸಿ, ಎಂಜಿನ್ನಿನ ಎಡಬಲದ ತೂತಿಗೆ ಕೈಯಲ್ಲಿ ತಿರುಗಿಸಿಡಿ. ಗೇರ್‌ಬಾಕ್ಸ್ ಇವುಗಳ ಮೇಲೆ ಜಾರಿ ಬರುತ್ತದೆ, ವಾಲುವುದಿಲ್ಲ. ಐವತ್ತು ರೂಪಾಯಿಯ ಈ ಎರಡು ಬೋಲ್ಟ್ ಮಾಡುವ ಉಪಕಾರವನ್ನು ಮೂರನೇ ಆಳೂ ಮಾಡಲಾರ.

ಗೇರ್‌ಬಾಕ್ಸನ್ನು ಟಾಪ್ ಗೇರಿಗೆ ಹಾಕಿಡಿ. ಜಾಕಿನಲ್ಲಿ ಎತ್ತಿ, ಎಂಜಿನ್ ಮತ್ತು ಬೆಲ್ ಹೌಸಿಂಗಿನ ನಡುವಿನ ಸಂದಿ ಮೇಲೆ ಕೆಳಗೆ ಎಡ ಬಲ ಒಂದೇ ಅಳತೆ ಇರುವಂತೆ ಮಟ್ಟ ಮಾಡಿ, ಮುಂದಕ್ಕೆ ನೂಕಿ. ಶಾಫ್ಟ್ ಹಲ್ಲಿಗೆ ತಾಗಿ ನಿಂತರೆ ಜೊತೆಗಾರ ಹಿಂದಿನ ಫ್ಲ್ಯಾಂಜನ್ನು ಕೈಯಲ್ಲಿ ಚೂರುಚೂರೇ ತಿರುಗಿಸಲಿ. ಹಲ್ಲು ಸಿಕ್ಕಾಗ ಗೇರ್‌ಬಾಕ್ಸ್ ಸರ್ರನೆ ಒಳಗೆ ಸರಿಯುತ್ತದೆ, ಕೊನೆಗೆ ಟಕ್ ಎಂದು ಲೋಹಕ್ಕೆ ಲೋಹ ಕೂರುತ್ತದೆ.

ಒಂದು ಬೆರಳು ಸಂದಿ ಉಳಿದು ಮುಂದೆ ಹೋಗುತ್ತಿಲ್ಲ ಅಂದುಕೊಳ್ಳಿ. ಇಲ್ಲೇ ಎಲ್ಲರ ಕೈಯೂ ಸ್ಪಾನರಿಗೆ ಹೋಗುವುದು: ಬೋಲ್ಟ್ ಹಾಕಿ ಎಳೆದರೆ ಬರುತ್ತದೆ ಬಿಡು ಎಂದು. ಬರುತ್ತದೆ ನಿಜ. ಪ್ಲೇಟಿನ ಹಬ್ ಬಾಗಿ, ಇಲ್ಲವೇ ಬೆಲ್ ಹೌಸಿಂಗಿನ ಕಿವಿ ಸೀಳಿ ಬರುತ್ತದೆ. ಹಬ್ ಬಾಗಿದ ಪ್ಲೇಟ್ ಪೆಡಲ್ ಪೂರ್ತಿ ಒತ್ತಿದರೂ ಬಿಡುವುದಿಲ್ಲ, ಆರಂಭದಲ್ಲಿ ಹೇಳಿದ ‘ಗೇರೇ ಬೀಳುವುದಿಲ್ಲ’ ಹುಟ್ಟುವುದು ಈ ಗಳಿಗೆಯಲ್ಲಿ. ಸಂದಿ ಉಳಿದರೆ ಕಾರಣ ಇಷ್ಟರಲ್ಲಿ ಒಂದು: ಮಟ್ಟ ತಪ್ಪಿದೆ, ಹಲ್ಲು ಕೂತಿಲ್ಲ, ಪ್ಲೇಟ್ ನಡುವಿಗಿಲ್ಲ, ಇಲ್ಲವೇ ವೈರೋ ಅರ್ಥ್ ಪಟ್ಟಿಯೋ ಸಂದಿಯಲ್ಲಿ ಸಿಕ್ಕಿದೆ. ಟಾರ್ಚ್ ಹಿಡಿದು ಸುತ್ತ ನೋಡಿ, ಹಿಂದಕ್ಕೆ ಎಳೆದು ಮತ್ತೆ ಬನ್ನಿ. ಮೂರು ಸಲ ಆಗದಿದ್ದರೆ ಇಳಿಸಿ, ಅಲೈನ್‌ಮೆಂಟ್ ಟೂಲ್ ಹಾಕಿ ಪರೀಕ್ಷಿಸಿ. ಒಬ್ಬರು ಸುಸ್ತಾಗಿದ್ದರೂ ಈ ಹಂತವನ್ನು ನಾಳೆಗೆ ಇಡಿ. ಮೆಕ್ಯಾನಿಕ್ಕಿಗೆ ಅರ್ಧ ದಿನದ ಕೆಲಸ ನಿಮಗೆ ಎರಡು ದಿನ ಹಿಡಿದರೆ ಅವಮಾನವೇನಿಲ್ಲ.

ಪೂರ್ತಿ ಕೂತ ಮೇಲೆ ಬೋಲ್ಟುಗಳು ರಟ್ಟಿನಲ್ಲಿದ್ದ ಜಾಗಕ್ಕೇ ಹೋಗಲಿ. ಜಾಕ್ ತೆಗೆಯುವುದು ಕ್ರಾಸ್ ಮೆಂಬರ್ ಮತ್ತು ಮೌಂಟಿಂಗ್ ಬಿಗಿದ ಮೇಲೆ.

ಹಂತ 9: ಉಳಿದದ್ದು, ಎಣ್ಣೆ, ಏರ್ ತೆಗೆಯುವುದು

ಬಿಚ್ಚಿದ ಕ್ರಮದ ತಿರುಗುಮುರುಗು. ಪ್ರೊಪೆಲ್ಲರ್ ಶಾಫ್ಟಿನ ಗೆರೆ ಕೂಡಿಸಿ. ಗೇರ್ ಆಯಿಲನ್ನು ಗಾಡಿ ಮಟ್ಟವಾಗಿರುವಾಗ ಫಿಲ್ಲರ್ ತೂತಿನಿಂದ ಹೊರಗೆ ತೊಟ್ಟಿಕ್ಕುವವರೆಗೆ ತುಂಬಿ.

ಹೈಡ್ರಾಲಿಕ್ ಪೈಪ್ ಕಳಚಿದ್ದರೆ ಮಾತ್ರ ಏರ್ ತೆಗೆಯಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಲಿ, ಇನ್ನೊಬ್ಬರು ಸ್ಲೇವ್ ಸಿಲಿಂಡರಿನ ಗಾಳಿ ಬಿಡುವ ಸ್ಕ್ರೂ (ಬ್ಲೀಡರ್) ಬಿಚ್ಚಿ ಮುಚ್ಚಲಿ, ಮುಚ್ಚಿದ ಮೇಲಷ್ಟೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲುವವರೆಗೆ ಹೀಗೇ, ಡಬ್ಬಿ ಖಾಲಿಯಾಗದಂತೆ. ಬ್ರೇಕ್ ಫ್ಲೂಯಿಡ್ ಬಿದ್ದರೆ ಬಾಡಿಯ ಪೇಂಟ್ ಏಳುತ್ತದೆ, ಕೂಡಲೇ ನೀರು ಹಾಕಿ. ಕೇಬಲ್ ಗಾಡಿಯಲ್ಲಿ ಫ್ರೀ ಪ್ಲೇಯನ್ನು ಹೊಸದಾಗಿ ಕೂರಿಸಿ. ಸವೆದ ಪ್ಲೇಟಿಗೆ ಇಟ್ಟಿದ್ದ ಅಳತೆ ಹೊಸದಕ್ಕೆ ಹೊಂದುವುದಿಲ್ಲ.

ಹಂತ 10: ಸ್ಟಾರ್ಟ್ ಮತ್ತು ಮೊದಲ 500 ಕಿ.ಮೀ.

ಚಕ್ರ ನೆಲಕ್ಕಿಳಿಸಿ, ನ್ಯೂಟ್ರಲ್ಲಿನಲ್ಲಿ, ಪೆಡಲ್ ಒತ್ತಿ ಸ್ಟಾರ್ಟ್ ಮಾಡಿ. ಕಿವಿಗೊಡಿ: ಕರಕರ ಉಜ್ಜುವ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಸದ್ದಿಲ್ಲದಿದ್ದರೆ ಪೆಡಲ್ ಒತ್ತಿ ಮೂರು ಸೆಕೆಂಡ್ ಕಾದು ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿದೆ.

ಕರ್‌ರ್ ಎಂದರೂ ಗಾಬರಿ ಬೇಡ, ಮೊದಲು ಹೊರಗಿನಿಂದ ಹುಡುಕಿ. ಏರ್ ಉಳಿದಿದೆಯೇ, ಕೇಬಲ್ ಸಡಿಲವೇ, ಪೆಡಲ್ಲಿನಡಿ ಮ್ಯಾಟ್ ಸಿಕ್ಕಿದೆಯೇ ನೋಡಿ. ಇವೆಲ್ಲ ಸರಿಯಿದ್ದರೆ ಮಾತ್ರ ಪ್ಲೇಟ್ ತಿರುಗಮುರುಗ ಕೂತಿರುವ ಅಥವಾ ಹಬ್ ಬಾಗಿರುವ ಸಾಧ್ಯತೆ. ಗೇರ್ ಸರಿಯಾಗಿ ಬಿದ್ದು, ಹೊರಡುವಾಗ ಮಾತ್ರ ನಡುಗಿದರೆ ಲೈನಿಂಗಿಗೆ ಗ್ರೀಸ್ ತಾಗಿರಬಹುದು, ಫ್ಲೈವೀಲ್ ಮಟ್ಟವಿಲ್ಲದಿರಬಹುದು, ಅಥವಾ ಎಂಜಿನ್ ಮೌಂಟಿಂಗ್ ಬೋಲ್ಟ್ ಬಿಗಿಯದೆ ಬಿಟ್ಟಿರಬಹುದು. ಕೊನೆಯದನ್ನು ಮೊದಲು ನೋಡಿ.

ಮೊದಲ ಹತ್ತಿಪ್ಪತ್ತು ಕಿ.ಮೀ. ಸ್ವಲ್ಪ ವಾಸನೆ ಬರುವುದು ಸಹಜ. ಹೊಗೆ ಬಂದರೆ ಸಹಜವಲ್ಲ. 500 ಕಿ.ಮೀ. ತನಕ ಅರ್ಧ ಲೋಡಿಗಿಂತ ಹೆಚ್ಚು ಹೇರಬೇಡಿ. ಶಿರಾಡಿ, ಆಗುಂಬೆಯಂಥ ಏರಿನಲ್ಲಿ ಟ್ರಾಫಿಕ್ ನಿಂತರೆ ಹಾಫ್ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಲ್ಲಿಸದೆ ಹ್ಯಾಂಡ್‌ಬ್ರೇಕ್ ಎಳೆಯಿರಿ. 100 ಕಿ.ಮೀ. ಆದ ಮೇಲೆ ಒಮ್ಮೆ ಕೆಳಗೆ ಮಲಗಿ ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳಿಗೂ ಕ್ರಾಸ್ ಮೆಂಬರಿನವಕ್ಕೂ ಮತ್ತೆ ರೆಂಚ್ ಹಾಕಿ ನೋಡಿ, ಬೆಲ್ ಹೌಸಿಂಗಿನ ಅಡಿಯ ತೂತಿಗೆ ಬಿಳಿ ಬಟ್ಟೆ ಒತ್ತಿ ತೆಗೆಯಿರಿ. ಬಟ್ಟೆಗೆ ಎಣ್ಣೆ ಹತ್ತಿದರೆ ಸೀಲ್ ಸರಿಯಾಗಿ ಕೂತಿಲ್ಲ. ಲೈನಿಂಗ್ ಒದ್ದೆಯಾಗುವ ಮೊದಲೇ ಇಳಿಸಿದರೆ ಸೀಲಿನ ಖರ್ಚಷ್ಟೇ.